ನಾಲ್ಕನೆಯ ಗುಂಡಿ

ಆ ಹಿತ್ತಲಿನ ಮಣ್ಣಿಗೆ ನೀರು ಕುಡಿಯುವ ಗುಣವೇ ಇರಲಿಲ್ಲ. ಮೇಸ್ತ್ರಿ ಮೊಣಕಾಲುದ್ದದ ಮೂರು ಗುಂಡಿ ತೋಡಿ, ಹಿಂದಿನ ದಿನವೇ ನೀರು ತುಂಬಿಸಿ ಹೋಗಿದ್ದ. ಇವತ್ತು ಮಧ್ಯಾಹ್ನ ಕೋಲು ಇಳಿಸಿ ನೋಡಿದರೆ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಅಪ್ಪಟ ಜೇಡಿಮಣ್ಣು. ಕಕ್ಕಸಿನ ಹಳೆಯ ಗುಂಡಿ ಉಕ್ಕಿ ಎರಡು ತಿಂಗಳಾಗಿತ್ತು. ತುಂಬು ಬಸುರಿ ಸೊಸೆ ದಿನಕ್ಕೆ ಹತ್ತು ಸಲ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದಳು.

"ಇಲ್ಲಿ ಇಂಗುಗುಂಡಿ ಆಗಲ್ಲಮ್ಮ," ಎಂದ ಮೇಸ್ತ್ರಿ. "ನೆಲದ ಮೇಲೆ ಮರಳಿನ ದಿಬ್ಬ ಹಾಕಿ, ಪಂಪಿನಲ್ಲಿ ಕೊಳಚೆ ನೀರು ಅಲ್ಲಿಗೆ ಏರಿಸ್ಬೇಕು. ಮರಳು ಸೋಸಿ ಸೋಸಿ ಕೆಳಗೆ ಬಿಡುತ್ತೆ."

"ಊರವರೆಲ್ಲ ಕಕ್ಕಸನ್ನ ನೆಲದೊಳಗೆ ಮುಚ್ತಾರೆ. ನಾವು ತಲೆ ಮೇಲೆ ಹೊತ್ಕೊಂಡು ಮೆರೀಬೇಕಾ?" ಅತ್ತೆ ಮೆಟ್ಟಿಲ ಮೇಲಿಂದಲೇ ಸಿಡುಕಿದಳು.

"ಹಾಗಾದ್ರೆ ಆ ಗೋಡೆ ಮೂಲೇಲಿ ಇನ್ನೊಂದು ತೋಡಿ ನೋಡಿ ಮೇಸ್ತ್ರಿ," ಎಂದಳು ಸೊಸೆ.

"ಅಲ್ಲಿ ಬೇಡ." ಅತ್ತೆಯ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಆ ದಿಬ್ಬಾನೇ ಮಾಡಪ್ಪ. ಎಷ್ಟು ಎತ್ತರ ಬೇಕಾದ್ರೂ ಮಾಡು."

ಅಷ್ಟರಲ್ಲಿ ಮೇಸ್ತ್ರಿ ಮೂಲೆಯಲ್ಲಿ ಪಿಕಾಸಿ ಹಾಕಿಯಾಗಿತ್ತು. ಮೂರು ಕಡೆ ಕಲ್ಲಿನಂತೆ ಕಚ್ಚಿದ್ದ ನೆಲ ಇಲ್ಲಿ ಹಿಟ್ಟಿನಂತೆ ಬಿಟ್ಟುಕೊಟ್ಟಿತು. ಒಂದು ಕೊಡ ನೀರು ಸುರಿದ. ಸುರಿದದ್ದೇ ಗೊತ್ತು, ಕೋಲು ಇಳಿಸುವಷ್ಟರಲ್ಲಿ ತಳ ಒಣಗಿತ್ತು. ಆಮೇಲೆ, ಎರಡು ಎಣಿಸುವಷ್ಟು ಹೊತ್ತಾದ ಮೇಲೆ, ಕೆಳಗೆಲ್ಲೋ 'ಗುಳುಕ್' ಎಂದಿತು.

ಕುಡಿಯದ ಮಣ್ಣನ್ನು ಅವನು ಬೇಕಾದಷ್ಟು ಕಂಡಿದ್ದ. ಕುಡಿದು ಸಾಲದೆನ್ನುವ ಮಣ್ಣು ಇನ್ನೂ ಕೆಟ್ಟದ್ದೆಂದು ಅವನ ಕಸುಬು ಕಲಿಸಿತ್ತು. ಆದರೂ ಖಾತ್ರಿಗೆಂದು ಇನ್ನೊಂದು ಕೊಡ ಸುರಿದು ಎಣಿಸಿದ. ಈ ಸಲ ನಾಲ್ಕು ಎಣಿಸಿದ ಮೇಲೆ ಸದ್ದು ಕೇಳಿಸಿತು. ತಳ ಕೆಳಗೆ ಸರಿಯುತ್ತಿತ್ತು.

"ಇಲ್ಲಿ ಬಾವಿ ಇತ್ತಾ ಅಮ್ಮ?"

ಅತ್ತೆ ಓಡಿ ಬಂದು ಕೊಡ ಕಿತ್ತುಕೊಂಡಳು. "ನೀರು ತೋರಿಸ್ಬೇಡ ಅದಕ್ಕೆ!"

ಆಗ, ಯಾರೂ ನೀರು ಹಾಕದೆಯೇ, ಮತ್ತೊಂದು ಗುಟುಕು ಕೇಳಿಸಿತು. ಅತ್ತೆಯ ಮುಖ ಸುಣ್ಣದ ಹಾಗಾಯಿತು.

"ನಾನು ನೂಕಿಲ್ಲ," ಎಂದಳು, ಗುಂಡಿಯನ್ನೇ ನೋಡುತ್ತಾ. "ಮೊದಲನೆಯವಳು ತಾನಾಗೇ ಬಿದ್ದಿದ್ದು. ಆಮೇಲೆ ಮುಚ್ಚಿಸಿದೆ, ಅಷ್ಟೆ. ಕೇಳಿದವರಿಗೆಲ್ಲ ಓಡಿಹೋದಳು ಅಂದೆ."

"ಮೊದಲನೆಯವಳಾ?" ಸೊಸೆ ಹೊಟ್ಟೆ ಹಿಡಿದುಕೊಂಡು ಹತ್ತಿರ ಬಂದಳು. "ಇವರಿಗೆ ಮುಂಚೆ ಮದುವೆ ಆಗಿತ್ತಾ ಅತ್ತೆ?"

"ಹಿಂದಕ್ಕೆ ಹೋಗಮ್ಮ!" ಮೇಸ್ತ್ರಿ ಅವಳ ರಟ್ಟೆ ಹಿಡಿದು ಎಳೆದ. ಇನ್ನೊಂದು ಕೈ ಅತ್ತೆಯ ಕಡೆ ಚಾಚಿದ. ಅವಳು ಹಿಡಿಯಲಿಲ್ಲ, ಯಾರೋ ಹೆಸರು ಹಿಡಿದು ಕೂಗಿದಂತೆ ಕತ್ತು ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ನೆಲ ಸದ್ದಿಲ್ಲದೆ ಬಾಯಿ ಬಿಟ್ಟಿತು.

ಸಂಜೆ ಬಂದ ಅಧಿಕಾರಿ ಸುತ್ತ ಹಗ್ಗ ಕಟ್ಟಿಸಿ, ಟಾರ್ಚು ಬಿಟ್ಟು ನೋಡಿ, ತಳ ಕಾಣದೆ, ಒಳಗೆ ಹೋದದ್ದನ್ನು ನಿಂತಲ್ಲೇ ಬರೆದುಕೊಂಡ: ಗೋಡೆ ಹತ್ತು ಅಡಿ, ಪಿಕಾಸಿ ಒಂದು, ಕೊಡ ಒಂದು, ಹೆಂಗಸು ಒಬ್ಬಳು.

"ಇಬ್ಬರು," ಎಂದಳು ಸೊಸೆ.