ಕಾಲೇಜಿನಲ್ಲೊಮ್ಮೆ ವಿಚಾರಿಸಿ

ಕಾಲೇಜಿನ ಕಚೇರಿ ಮುಚ್ಚುವ ಹೊತ್ತಿಗೆ ಕಿಟಕಿಯಾಚೆ ಮತ್ತೊಬ್ಬರು ಬಂದು ನಿಂತಾಗ ಗುಮಾಸ್ತ ಕುಬೇರಪ್ಪನಿಗೆ ಸಾಕುಸಾಕೆನಿಸಿತು. ಮದುವೆ ಕಾಲ ಬಂತೆಂದರೆ ಇದೇ ಗೋಳು. ಹೆಣ್ಣನ್ನು ನೋಡುವ ಮೊದಲು ಜನ ಅವಳು ಓದಿದ ಕಾಲೇಜಿಗೆ ಬಂದು ವಿಚಾರಿಸುತ್ತಾರೆ.

"ವನಮಾಲಾ ಅಂತ, ಹೋದ ವರ್ಷ ಬಿ.ಕಾಂ. ಮುಗಿಸಿದ ಹುಡುಗಿ. ಸಂಬಂಧದ ಮಾತು ನಡೀತಿದೆ," ಎಂದರು ಬಂದ ಹಿರಿಯರು. "ಹುಡುಗಿ ಹೇಗೆ?"

"ವಿದ್ಯಾರ್ಥಿಗಳ ವಿಷಯ ಹೊರಗಿನವರಿಗೆ ಹೇಳೋ ಹಾಗಿಲ್ಲ ಸ್ವಾಮಿ. ರೂಲ್ಸ್ ಇದೆ."

"ನೀವೂ ಮಕ್ಕಳೊಂದಿಗರು. ಮಾತು ಕೊಡೋ ಮೊದಲು ತಿಳ್ಕೊಂಡ್ರೆ ಒಳ್ಳೇದಲ್ವಾ?"

ಆ ದನಿಯಲ್ಲಿ ಅಲೆದು ಅಲೆದು ಸೋತ ಆಯಾಸವಿತ್ತು. ಕುಬೇರಪ್ಪನ ಮನಸ್ಸು ಕರಗಿತು. ಯಾವಾಗಲೂ ಹೀಗೇ, ಮೊದಲು ಆಗುವುದಿಲ್ಲ ಅನ್ನುವುದು, ಆಮೇಲೆ ಪಾಪ ಅನಿಸುವುದು. ಅವನು ಮುಂದೆ ಬಾಗಿ ದನಿ ತಗ್ಗಿಸಿದ.

"ನಾನು ಹೇಳ್ದೆ ಅನ್ಬೇಡಿ. ಹುಡುಗಿ ಗುಣದಲ್ಲಿ ಚಿನ್ನ. ಆದ್ರೆ ಎರಡನೇ ವರ್ಷ ಪರೀಕ್ಷೆಗೆ ಕೂರ್ಲಿಲ್ಲ, ಫಿಟ್ಸ್ ಬರ್ತಿತ್ತು. ಡಾಕ್ಟರ ಚೀಟಿ ಇಲ್ಲೇ ಫೈಲಲ್ಲಿದೆ. ಈಗ ವಾಸಿಯಾಗಿದ್ಯೋ ಇಲ್ವೋ, ಯಾರಿಗ್ಗೊತ್ತು? ನಿಮಗಿಂತ ಮುಂಚೆ ಬಂದೋರಿಗೂ ಇಷ್ಟೇ ಹೇಳಿದ್ದು. ಪಾಪ, ಕೈಮುಗಿದು ಹೋದ್ರು."

ಹಿರಿಯರು ಕಿಟಕಿಯ ಸರಳು ಹಿಡಿದುಕೊಂಡರು.

"ವಾಸಿಯಾಗಿದೆ," ಎಂದರು. "ಬಂದ ಸಂಬಂಧ ಎಲ್ಲಾ ಯಾಕೆ ತಪ್ಪಿ ಹೋಗ್ತಿವೆ ಅಂತ ತಿಳ್ಕೊಳ್ಳೋಕೆ ಬಂದೆ. ಮಗಳ ಆ ಚೀಟೀನ ಅವತ್ತು ಇದೇ ಕಿಟಕೀಲಿ ನಿಮ್ಮ ಕೈಗೆ ಕೊಟ್ಟೋನು ನಾನೇ."