ಡಿಕ್ಕಿಯಲ್ಲಿದ್ದ ಪುಳಿಯೋಗರೆ

ಪುಳಿಯೋಗರೆಯ ಘಮ ಬಂದರೆ ನಾನು ಈಗಲೂ ನೆಟ್ಟಗೆ ಕೂರುತ್ತೇನೆ. ಹಿಂದೊಂದು ಮಧ್ಯಾಹ್ನ ಅಪ್ಪ ಅಮ್ಮನ ಜೊತೆ ಅಮೆರಿಕದ ಲಿವರ್‌ಮೋರ್ ದೇವಸ್ಥಾನದಿಂದ ಮರಳುವಾಗ ಪೊಲೀಸನೊಬ್ಬ ನಮ್ಮ ಕಾರು ನಿಲ್ಲಿಸಿದ. ಹಿಂದಿನ ದೀಪ ಕೆಟ್ಟಿದೆಯೆಂದು ಹೇಳಿ, ಡಿಕ್ಕಿ ನೋಡಬಹುದೇ ಎಂದು ಕೇಳಿದ.

"ತೆಗೀರಿ ಅತ್ಲಾಗ," ಅಮ್ಮ ಪಿಸುಗುಟ್ಟಿದಳು. "ಸರಕಾರದವ್ರ ಜೋಡಿ ಯಾಕ ತಕರಾರು?"

ಅಪ್ಪ ಸ್ಟಿಯರಿಂಗ್ ಬಿಡದೆ, ತನ್ನ ಒಪ್ಪಿಗೆ ಇಲ್ಲವೆಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಕಿವಿ ಕೆಂಪಾಗಿತ್ತು. ಪೊಲೀಸ, ದೀಪ ಸರಿಮಾಡಿಸಿಕೊಳ್ಳಿ ಎಂದು ಹೊರಟುಹೋದ.

ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿಯಿಂದ ಹೊರಬಂದು, ಕಾರು ನಿಲ್ಲಿಸಿ ಅಪ್ಪ ಡಿಕ್ಕಿ ತೆಗೆದ. ಪ್ರಸಾದದ ಪುಳಿಯೋಗರೆಯ ಡಬ್ಬಿ ಬಿಟ್ಟರೆ ಒಳಗೇನೂ ಇರಲಿಲ್ಲ.

"ಇಷ್ಟಕ್ಕ ಬ್ಯಾಡ ಅಂದ್ರಿ?" ಎಂದಳು ಅಮ್ಮ.

"ಅಂವ ಕೇಳ್ಬಹುದು. ನಾ ಬ್ಯಾಡ ಅಂದ್ರ ಸುಮ್ಮ್‌ಸುಮ್ನ ತೆಗ್ಯಾಕ ಅಂವಗ ಬರೂದಿಲ್ಲ."

ಹಾಗೆಂದು ಅಪ್ಪ ಡಬ್ಬಿಯನ್ನು ಅಮ್ಮನ ಮುಂದೆ ಹಿಡಿದ. ಡಬ್ಬಿಯ ಮುಚ್ಚಳವನ್ನು ಅಮ್ಮನೇ ನಗುತ್ತ ತೆಗೆದಳು.