ನೀರಿನ ಕ್ಯಾನಿನ ಮುಚ್ಚಳ

ಶೇಂಗಾ ಚಟ್ನಿ ಕುಟ್ಟುವ ವಾಸನೆ ಬಂದರೆ ಈಗಲೂ ನನ್ನ ಗಂಟಲು ಒಣಗುತ್ತದೆ.

ಅಂದು ನಾನೂ ತಮ್ಮನೂ ಬಾದಾಮಿಯಿಂದ ಶಿವಯೋಗ ಮಂದಿರದ ಕಡೆ ಅಜ್ಜಿಯ ಮನೆಗೆ ನಡೆದು ಹೊರಟಿದ್ದೆವು. ಅವ್ವ ಖಡಕ್ ರೊಟ್ಟಿ, ಚಟ್ನಿಯನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿ ತಮ್ಮನ ಹೆಗಲಿಗೆ ಹಾಕಿದಳು.

"ನೀ ದೊಡ್ಡಾಕಿ, ನೀರು ನೀ ಹೊರು. ರೊಟ್ಟಿ ಇಲ್ದ ನಡೀಬಹುದು, ನೀರಿಲ್ದ ಆಗಂಗಿಲ್ಲ."

ಕ್ಯಾನು ಭಾರವಾಯಿತೆಂದು ನಾನು ಹಿಂದುಳಿದು, ನೀರನ್ನೆಲ್ಲ ಜಾಲಿಯ ಬುಡಕ್ಕೆ ಸುರಿದೆ. ಬುತ್ತಿ ಬಿಚ್ಚಿದಾಗ ತಮ್ಮ ಖಾರ ತಾಳದೆ ನೀರಿಗೆ ಕೈ ಚಾಚಿದ.

"ಸೋರಿ ಹೋಗೇತಿ," ಅಂದೆ.

"ಮುಚ್ಚಳ ಹಾಕಿದಾಂವ ನಾನ ಅಕ್ಕಾ, ಬಿಗಿ ಮಾಡಿಲ್ಲ. ಅವ್ವಗ ಹೇಳಬ್ಯಾಡ," ಎಂದು ಅತ್ತ.

"ಹೇಳಂಗಿಲ್ಲ, ಸುಮ್ನಿರು," ಎಂದು ದೊಡ್ಡವಳಂತೆ ಅವನ ಕಣ್ಣೊರೆಸಿದೆ.

ಬದುಕಿರುವತನಕ ಅವನು ಎಲ್ಲಿಗೆ ಹೊರಟರೂ ನೀರಿನ ಬಾಟಲಿಯ ಮುಚ್ಚಳವನ್ನು ಎರಡು ಸಲ ತಿರುವಿ ನೋಡುತ್ತಿದ್ದ.